ಹಿಮದ ಗಂಗೆ, ಮಳೆಯ ಗಂಗಾವಳಿ: ಎರಡು ಹೊಳೆಗಳು ಹರಿಯುವ ಬಗೆ

ಮೇ ತಿಂಗಳ ಕೊನೆಯ ವಾರ. ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಮ್ಮ ಕೇರಿಯ ನಿವೃತ್ತ ಅಕ್ಕೋರು ನಿಂತಿದ್ದರು. ಗಂಗೋತ್ರಿ ಯಾತ್ರೆ ಮುಗಿಸಿ ಬಂದು ಇನ್ನೂ ವಾರವಾಗಿರಲಿಲ್ಲ. ಮಾತು ಸಹಜವಾಗಿ ಅಲ್ಲಿಗೇ ಹೋಯಿತು.

"ತಮಾ, ಅಲ್ಲಿ ಒಂದು ಹನಿ ಮಳೆ ಇಲ್ಲ. ಆದರೂ ಹೊಳೆ ಭೋರ್ಗರೀತದೆ. ಬೆಳಿಗ್ಗೆ ಸ್ವಲ್ಪ ಕಡಿಮೆ, ಸಂಜೆ ಜಾಸ್ತಿ. ನಮ್ಮ ಗಂಗಾವಳಿಯಲ್ಲಿ ನೋಡಿದರೆ ಈಗ ಬರೀ ಕಲ್ಲು. ಎರಡಕ್ಕೂ ಗಂಗೆ ಅಂತಲೇ ಹೆಸರು. ಒಂದು ತುಂಬುವಾಗ ಇನ್ನೊಂದು ಬತ್ತೋದು ಯಾಕೆ?"

ಬಸ್ಸು ಬಂತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ. ಗಂಗಾವಳಿ ದಂಡೆಯಲ್ಲಿ ಮನೆ, ತೋಟ, ಗದ್ದೆ ಇರುವವರಿಗೆ ಇದು ಮಳೆಗಾಲದಲ್ಲಿ ನೇರವಾಗಿ ಉಪಯೋಗಕ್ಕೆ ಬರುವ ವಿಷಯ. ಅಂಕೋಲಾ, ಕಾರವಾರದಲ್ಲಿ ನಲ್ಲಿ ನೀರು ಕುಡಿಯುವವರಿಗೂ ಇದು ಸಂಬಂಧಿಸಿದ್ದೇ. ಆ ನೀರನ್ನು ಹೊನ್ನಳ್ಳಿಯ ಬಳಿ ಇದೇ ಹೊಳೆಯಿಂದ ಎತ್ತುತ್ತಾರೆ.

ಹಿಮನದಿ ಅಂದರೆ ಏನು?

ಇಂಗ್ಲಿಷಿನಲ್ಲಿ ಗ್ಲೇಸಿಯರ್, ಕನ್ನಡದಲ್ಲಿ ಹಿಮನದಿ. ಹೆಸರಲ್ಲಿ ನದಿ ಇದ್ದರೂ ಅದು ನೀರಲ್ಲ, ಮಂಜುಗಡ್ಡೆ. ಎತ್ತರದ ಬೆಟ್ಟದಲ್ಲಿ ಚಳಿಗಾಲಕ್ಕೆ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗುವುದಿಲ್ಲ. ಮರುವರ್ಷ ಅದರ ಮೇಲೆ ಮತ್ತೊಂದು ಪದರ ಬೀಳುತ್ತದೆ. ಹೀಗೆ ನೂರಾರು ವರ್ಷ ಪದರದ ಮೇಲೆ ಪದರ ಕೂತು, ಕೆಳಗಿನದು ಭಾರಕ್ಕೆ ಒತ್ತಿಕೊಂಡು ಗಟ್ಟಿ ಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ನಿಧಾನಕ್ಕೆ ಜಾರುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನ. ಜಾರುತ್ತದೆ ಎಂಬ ಕಾರಣಕ್ಕೇ ಅದಕ್ಕೆ ನದಿ ಎಂಬ ಹೆಸರು.

ಉತ್ತರಾಖಂಡದ ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿಲೋಮೀಟರ್. ಅದರ ತುದಿಯ ಹೆಸರು ಗೋಮುಖ, ಸಮುದ್ರಮಟ್ಟದಿಂದ ಹತ್ತಿರಹತ್ತಿರ 4,000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಬೀಳುವ ನೀರೇ ಭಾಗೀರಥಿ. ದೇವಪ್ರಯಾಗದಲ್ಲಿ ಅಲಕನಂದಾ ಬಂದು ಸೇರಿದ ಮೇಲೆ ಗಂಗೆ ಎಂಬ ಹೆಸರು.

ಹಿಮದ ಹೊಳೆ ಹೇಗೆ ಹರಿಯುತ್ತದೆ?

ಅದರ ಲೆಕ್ಕವೆಲ್ಲ ಬಿಸಿಲಿನದು. ಚಳಿಗಾಲದಲ್ಲಿ ಹಿಮ ಕರಗುವುದಿಲ್ಲ, ಹೊಳೆ ಸಣ್ಣದಾಗುತ್ತದೆ. ಬೇಸಿಗೆಯ ಬಿಸಿಲು ಏರಿದ ಹಾಗೆ ನೀರೂ ಏರುತ್ತದೆ. ದಿನದ ಲೆಕ್ಕವೂ ಹಾಗೆಯೇ. ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಸಂಜೆಯ ಹೊತ್ತಿಗೆ ಹೊಳೆಗೆ ಬರುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಹರಿವು ಕಡಿಮೆ. ಅಕ್ಕೋರು ಕಂಡ ಬೆಳಿಗ್ಗೆ-ಸಂಜೆಯ ವ್ಯತ್ಯಾಸ ಇದೇ.

ಆ ನೀರಿನ ಬಣ್ಣವೂ ಬೇರೆ. ಅಕ್ಕೋರು ಗಂಗೋತ್ರಿಯಿಂದ ಎರಡು ಬಾಟಲಿ ತಂದಿದ್ದರು. ಒಂದು ದೇವರ ಕೋಣೆಗೆ ಹೋಯಿತು, ಇನ್ನೊಂದನ್ನು ನನಗೆ ಕೊಟ್ಟರು. ಮೊದಲ ದಿನ ಅದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಕಿಟಕಿಯಲ್ಲಿ ಅಲುಗಾಡಿಸದೆ ಇಟ್ಟೆ. ತಿಳಿಯಾಗಲು ದಿನಗಳೇ ಬೇಕಾದವು. ತಳದಲ್ಲಿ ಬೂದಿ ಬಣ್ಣದ ತೆಳು ಪದರ ಕೂತಿತು. ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಅದು ಕಲ್ಲಿನ ಹಿಟ್ಟು. ಹಿಮನದಿ ಜಾರುವಾಗ ತಳದ ಬಂಡೆಯನ್ನು ಬೀಸುಕಲ್ಲಿನ ಹಾಗೆ ತೇಯುತ್ತದೆ. ಹಾಗೆ ತೇದು ಬಂದ ಹಿಟ್ಟಿದು.

ಜುಲೈಯಲ್ಲಿ ಗಂಗಾವಳಿಯ ನೀರನ್ನೂ ಒಂದು ಬಾಟಲಿ ತುಂಬಿ ಪಕ್ಕದಲ್ಲಿಟ್ಟೆ. ಅದು ಕೆಂಪು. ಒಂದೇ ರಾತ್ರಿಯಲ್ಲಿ ಬಾಟಲಿಯ ತಳಕ್ಕೆ ಮರಳು, ಕೊಳೆತ ಎಲೆಯ ಚೂರು, ಕೆಂಪು ಮಣ್ಣು ಬೇರೆ ಬೇರೆ ಪದರವಾಗಿ ಇಳಿದವು. ಹೊಳೆ ಎಲ್ಲಿಂದ ಏನು ಹೊತ್ತು ತಂದಿದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ನೀವೂ ಮಾಡಿ ನೋಡಬಹುದು.

ಹಾಗಾದರೆ ಗಂಗೆಯ ನೀರೆಲ್ಲ ಹಿಮದ್ದೇ?

ತುಂಬಾ ಜನ ಹಾಗೆಯೇ ತಿಳಿದಿದ್ದಾರೆ, ಆದರೆ ಅದು ನಿಜವಲ್ಲ. ದೇವಪ್ರಯಾಗದಲ್ಲಿಯೇ ವರ್ಷದ ಒಟ್ಟು ನೀರಿನಲ್ಲಿ ಹಿಮದ ಪಾಲು ಹೆಚ್ಚೂಕಡಿಮೆ ಮೂರರಲ್ಲೊಂದು. ಬಯಲಿಗೆ ಇಳಿದಂತೆ ಆ ಪಾಲು ಇನ್ನೂ ಕಡಿಮೆಯಾಗುತ್ತದೆ. ಉಳಿದದ್ದು ಮಳೆ ಮತ್ತು ಅಂತರ್ಜಲ. ಹಿಮದ ಬೆಲೆ ಇರುವುದು ಅದು ಬರುವ ಹೊತ್ತಿನಲ್ಲಿ. ಮಳೆ ಇಲ್ಲದ ಏಪ್ರಿಲ್, ಮೇ, ಜೂನ್ ತಿಂಗಳಲ್ಲಿ ಅದು ಕೈಹಿಡಿಯುತ್ತದೆ. ಬೇಸಿಗೆಗೆಂದು ಮೇಲೆ ಕೂಡಿಟ್ಟ ಗಂಟು ಅದು.

ಈಗ ಆ ಗಂಟು ಕರಗುತ್ತಿದೆ. ಗಂಗೋತ್ರಿ ಹಿಮನದಿಯ ತುದಿ ವರ್ಷಕ್ಕೆ 20 ಮೀಟರಿನ ಆಸುಪಾಸು ಹಿಂದೆ ಸರಿಯುತ್ತಿದೆ.

ಗಂಗಾವಳಿಯ ಗಂಟು ಎಲ್ಲಿದೆ?

ನಮ್ಮ ಹೊಳೆಗೆ ಹಿಮವಿಲ್ಲ, ಸಹ್ಯಾದ್ರಿಗೆ ಅಷ್ಟು ಎತ್ತರವಿಲ್ಲ. ಹಾಗಿದ್ದರೂ ಸಂಕ್ರಾಂತಿ ಕಳೆದ ಮೇಲೂ ಗಂಗಾವಳಿ ಹರಿಯುತ್ತದಲ್ಲ, ಆ ನೀರು ಎಲ್ಲಿಂದ? ಇದನ್ನು ತಿಳಿಯಲು ಬಾಳೆಗುಳಿಗಿಂತ ಒಳ್ಳೆಯ ಜಾಗವಿಲ್ಲ. ಪಂಜಾಬಿನ ಸಂಗ್ರೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 52 ಇಲ್ಲಿಗೆ ಬಂದು ಕರಾವಳಿಯ ಹೆದ್ದಾರಿ 66ನ್ನು ಸೇರುತ್ತದೆ. ಬಾಳೆಗುಳಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಸುಮಾರು 130 ಕಿಲೋಮೀಟರಿನಲ್ಲಿ ಹೊಳೆಯ ಇಡೀ ಕಣಿವೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಬಹುದು.

ಮೊದಲು ಸುಂಕಸಾಳ, ರಾಮನಗುಳಿ, ಗುಳ್ಳಾಪುರ. ಇಲ್ಲಿ ಹೊಳೆ ಅಗಲ, ಏರು ಕಡಿಮೆ, ದಂಡೆಯಲ್ಲಿ ತೋಟ. ಆಮೇಲೆ ಅರಬೈಲ್ ಘಟ್ಟ. ಬಸ್ಸು ಗೇರ್ ಇಳಿಸಿ ತಿರುವು ತಿರುವಾಗಿ ಹತ್ತುತ್ತದೆ. ಹತ್ತಿ ಮುಗಿದರೆ ಯಲ್ಲಾಪುರ, ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲೆ. ಬಸ್ಸು ಏರಿದ ಈ ಎತ್ತರದಲ್ಲಿ ಒಂದು ಪಾಲನ್ನು ಹೊಳೆ ಮಾಗೋಡಿನಲ್ಲಿ ಹಾರಿ ಇಳಿಯುತ್ತದೆ. ಮಾಗೋಡು ಜಲಪಾತ ಸುಮಾರು 200 ಮೀಟರ್, ಎರಡು ಹಂತದಲ್ಲಿ ಬೀಳುತ್ತದೆ. ಅಲ್ಲಿ ಹೊಳೆಯ ಹೆಸರು ಬೇಡ್ತಿ. ಯಲ್ಲಾಪುರದ ಆಚೆ ಕಾಡು ತೆಳುವಾಗಿ, ಕಲಘಟಗಿಯ ಹೊತ್ತಿಗೆ ಹೊಲಗಳು ಕಾಣಿಸುತ್ತವೆ. ಹೊಳೆಯ ಒಂದು ಮೂಲ ಹುಬ್ಬಳ್ಳಿ ಕಡೆಯದು, ಇನ್ನೊಂದು ಧಾರವಾಡದ ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲಾ. ಎರಡೂ ಕಲಘಟಗಿ ಭಾಗದಲ್ಲಿ ಕೂಡುತ್ತವೆ.

ಶಿರಸಿಯಲ್ಲೂ ಒಂದು ಶಾಲ್ಮಲಾ ಇದೆಯಲ್ಲ ಎಂದು ನೀವು ಕೇಳಬಹುದು. ಹೌದು, ಸಹಸ್ರಲಿಂಗ ಇರುವ ಸೋಂದಾ ಹೊಳೆ ಅದು. ಹೆಸರು ಒಂದೇ, ಹೊಳೆ ಬೇರೆ. ಅದೂ ಕೊನೆಗೆ ಬೇಡ್ತಿಯನ್ನೇ ಸೇರುತ್ತದೆ. ಎಲ್ಲ ಕೂಡಿಕೊಂಡು ಘಟ್ಟ ಇಳಿದು, ಶಿರೂರು, ಉಳುವರೆ ದಾಟಿ, ಒಂದು ದಂಡೆಯಲ್ಲಿ ಮಂಜಗುಣಿ, ಇನ್ನೊಂದು ದಂಡೆಯಲ್ಲಿ ಗಂಗಾವಳಿ ಊರು ಇರುವ ಅಳಿವೆಯಲ್ಲಿ ಸಮುದ್ರ ಸೇರುತ್ತದೆ.

ಈಗ ಗಂಟಿನ ವಿಷಯ. ಧಾರವಾಡ, ಹುಬ್ಬಳ್ಳಿ ಕಡೆ ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆ. ನಮ್ಮ ಕರಾವಳಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಹೊಳೆ ಹುಟ್ಟುವುದು ಕಡಿಮೆ ಮಳೆಯ ಬಯಲಿನಲ್ಲಿ, ಬೆಳೆಯುವುದು ಹೆಚ್ಚು ಮಳೆಯ ಘಟ್ಟದಲ್ಲಿ. ಆ ಮಳೆಯೋ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಅದನ್ನು ಹಿಡಿದಿಟ್ಟು ಉಳಿದ ಎಂಟು ತಿಂಗಳಿಗೆ ಚೂರು ಚೂರಾಗಿ ಬಿಡುವುದು ಕಾಡು. ಮರದ ಬೇರು, ಎಲೆಯ ಹಾಸು, ಅದರಡಿಯ ಮೆದು ಮಣ್ಣು, ಅದರಡಿಯ ತೂತು ತೂತಾದ ಚಿರೇಕಲ್ಲು ಎಲ್ಲವೂ ಸ್ಪಂಜಿನ ಹಾಗೆ ನೀರು ಕುಡಿಯುತ್ತವೆ. ಆ ನೀರು ಒರತೆಯಾಗಿ, ಅಬ್ಬಿಯಾಗಿ, ಹಳ್ಳವಾಗಿ ನಿಧಾನಕ್ಕೆ ಹೊಳೆಗೆ ಬರುತ್ತದೆ. ಘಟ್ಟದ ಮೇಲಿನ ತೋಟಿಗರಿಗೆ ಇದು ಹೊಸ ಮಾತಲ್ಲ, ಸೊಪ್ಪಿನ ಬೆಟ್ಟ ಬೋಳಾದರೆ ತೋಟದ ಅಬ್ಬಿ ಮೊದಲು ಒಣಗುತ್ತದೆ ಎಂಬುದು ಅವರು ಕಣ್ಣಾರೆ ಕಂಡ ಸತ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಮ್ಮ ಜಿಲ್ಲೆಯ ಹಳ್ಳಗಳನ್ನು ಅಳೆದು ನೋಡಿದಾಗಲೂ ಇದೇ ಕಂಡಿತು. ಜಲಾನಯನದಲ್ಲಿ, ಅಂದರೆ ಹಳ್ಳಕ್ಕೆ ನೀರು ಕೊಡುವ ಪ್ರದೇಶದಲ್ಲಿ, ಶೇಕಡಾ 60ಕ್ಕಿಂತ ಹೆಚ್ಚು ಸಹಜ ಕಾಡು ಇದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಕಾಡು ಕಳೆದಂತೆ ಹರಿಯುವ ತಿಂಗಳುಗಳೂ ಕಳೆಯುತ್ತವೆ.

ಗಂಗೆಗೆ ಗೋಮುಖದ ಮೇಲಿನ ಹಿಮ ಹೇಗೋ, ಗಂಗಾವಳಿಗೆ ಘಟ್ಟದ ಕಾಡು ಹಾಗೆ. ಒಂದು ವ್ಯತ್ಯಾಸವನ್ನು ನೆನಪಿಡಿ. ಹಿಮದ ಗಂಟು ಬಿಚ್ಚುವುದು ಸರಿಯಾಗಿ ಬೇಸಿಗೆಯಲ್ಲಿ, ಬಿಸಿಲು ಹೆಚ್ಚಾದಷ್ಟೂ ನೀರು ಹೆಚ್ಚು. ಕಾಡಿನ ಗಂಟು ಮಳೆಗಾಲ ನಿಂತ ದಿನದಿಂದಲೇ ಖರ್ಚಾಗತೊಡಗುತ್ತದೆ, ಮೇ ತಿಂಗಳಿಗೆ ತಳ ಮುಟ್ಟುತ್ತದೆ. ಅಕ್ಕೋರು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ನೆರೆ ಬರುವುದು ಹೇಗೆ?

ಹಿಮದ ಹೊಳೆಯ ದೊಡ್ಡ ಅಪಾಯ ಮೇಲಿರುವ ಕೆರೆಗಳು. ಹಿಮನದಿ ಹಿಂದೆ ಸರಿದ ಜಾಗದಲ್ಲಿ ಕಲ್ಲು-ಮಣ್ಣಿನ ದಿಬ್ಬ ಉಳಿಯುತ್ತದೆ. ಅದರ ಹಿಂದೆ ಕರಗಿದ ನೀರು ಕೆರೆಯಾಗಿ ನಿಲ್ಲುತ್ತದೆ. ದಿಬ್ಬ ಒಡೆದರೆ ಒಂದೇ ಸಲಕ್ಕೆ ಎಲ್ಲವೂ ಕೆಳಗೆ. ಕೇದಾರನಾಥದಲ್ಲಿ 2013ರ ಜೂನಿನಲ್ಲಿ ಚೋರಾಬಾರಿ ಕೆರೆ ಒಡೆದದ್ದು ಹೀಗೆ. ಸಿಕ್ಕಿಂನಲ್ಲಿ 2023ರ ಅಕ್ಟೋಬರ್ 4ರಂದು ದಕ್ಷಿಣ ಲೊನಾಕ್ ಕೆರೆ ಉಕ್ಕಿ, ತೀಸ್ತಾ ನದಿಯ ಚುಂಗ್‌ಥಾಂಗ್ ಅಣೆಕಟ್ಟೆಯನ್ನೇ ಕೊಚ್ಚಿಕೊಂಡು ಹೋಯಿತು.

ನಮ್ಮಲ್ಲಿ ಅಂಥ ಕೆರೆಗಳಿಲ್ಲ, ಅಪಾಯ ಮಾತ್ರ ಇದೆ. ಒಂದು ಸಣ್ಣ ಲೆಕ್ಕ ನೋಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಘಟ್ಟದ 1,000 ಚದರ ಕಿಲೋಮೀಟರಿನಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಅದು 10 ಕೋಟಿ ಘನ ಮೀಟರ್ ನೀರು, ಟಿಎಂಸಿ ಲೆಕ್ಕದಲ್ಲಿ ಮೂರೂವರೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಜೂನಿನಲ್ಲಾದರೆ ಒಣಗಿದ ನೆಲ ಅದರಲ್ಲಿ ದೊಡ್ಡ ಪಾಲನ್ನು ಕುಡಿಯುತ್ತದೆ. ಜುಲೈ ಮಧ್ಯದ ಹೊತ್ತಿಗೆ ನೆಲದ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದದ್ದೆಲ್ಲ ಹೊಳೆಗೇ.

ಇತ್ತೀಚಿನ ಅನಾಹುತಗಳ ದಿನಾಂಕ ನೋಡಿದರೆ ಇದು ಸ್ಪಷ್ಟ. 2019ರ ಆಗಸ್ಟ್ ಮೊದಲ ವಾರ, ಆಶ್ಲೇಷಾ ಮಳೆಯಲ್ಲಿ ದೊಡ್ಡ ನೆರೆ. 2021ರ ಜುಲೈ 23ರ ಸುಮಾರಿಗೆ, ಪುಷ್ಯ ಮಳೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16, ಪುನರ್ವಸು ಮಳೆಯಲ್ಲಿ ಶಿರೂರು. ಮೂರೂ ನೆಲ ನೀರು ಕುಡಿದು ಮುಗಿಸಿದ ಮೇಲಿನವು.

ಶಿರೂರಿನದು ಬರೀ ನೆರೆಯಲ್ಲ. ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಬಿಡದ ಮಳೆಗೆ ನೀರು ಕುಡಿದು ರಸ್ತೆಯ ಮೇಲೆ, ರಸ್ತೆ ದಾಟಿ ಹೊಳೆಗೇ ಬಿತ್ತು. ಹೊಳೆಯ ನಡುವೆ ಮಣ್ಣಿನ ದಿಬ್ಬವೇ ಎದ್ದಿತು. ಎದ್ದ ಅಲೆ ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. ಸತ್ತವರು, ಸಿಗದೇ ಹೋದವರು ಸೇರಿ 11 ಮಂದಿ. ಕೇರಳದ ಲಾರಿಯೊಂದು ಹೊಳೆಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನಗಳ ಮೇಲೆ. ಹಿಮಾಲಯದಲ್ಲಿ ಕೆರೆಯ ದಿಬ್ಬ ಒಡೆದು ಹೊಳೆಗೆ ಬರುವ ಆಪತ್ತು ನಮ್ಮಲ್ಲಿ ಗುಡ್ಡ ಜರಿದು ಬರುತ್ತದೆ.

ಇನ್ನೂ ಎರಡು ಸಂಗತಿ ನಮಗೆ ವಿಶೇಷ. ಒಂದು, ಉಬ್ಬರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸಮುದ್ರದ ಉಬ್ಬರ ಜೋರು. ಆ ಹೊತ್ತಿಗೆ ಮೇಲಿನಿಂದ ನೆರೆ ಬಂದರೆ ಅಳಿವೆಯಲ್ಲಿ ನೀರು ಹೊರಹೋಗಲು ಜಾಗವಿಲ್ಲದೆ ಹಿಂದಕ್ಕೆ ಒತ್ತುತ್ತದೆ. ತಗ್ಗಿನ ಗದ್ದೆಗಳು ಮೊದಲು ಮುಳುಗುತ್ತವೆ. ಬೇಸಿಗೆಯಲ್ಲಿ ಇದೇ ಉಬ್ಬರ ಉಪ್ಪುನೀರನ್ನು ಮೇಲಕ್ಕೆ ನೂಕುತ್ತದೆ. ಮೇಲಿನಿಂದ ಸಿಹಿನೀರು ಬರುವುದು ಕಡಿಮೆಯಾದಷ್ಟೂ ಉಪ್ಪು ಒಳಗೆ ಬರುತ್ತದೆ, ದಂಡೆಯ ಬಾವಿ ಸವಳಾಗುತ್ತದೆ.

ಎರಡು, ಗಂಗಾವಳಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಅಲ್ಲಿ ಗೇಟು ತೆಗೆಯುವ ಮುಂಚೆ ಎಚ್ಚರಿಕೆ ಕೊಡುತ್ತಾರೆ. ಬೇಡ್ತಿಗೂ ವಿದ್ಯುತ್ ಯೋಜನೆ ಬರುವುದಿತ್ತು. 1980ರ ಹೊತ್ತಿಗೆ ಶಿರಸಿ, ಯಲ್ಲಾಪುರದ ತೋಟಿಗರು ಲಾಭ-ನಷ್ಟದ ಲೆಕ್ಕ ಹಾಕಿ ವಿರೋಧಿಸಿದರು, ಯೋಜನೆ ನಿಂತಿತು. ಹೀಗಾಗಿ ನಮ್ಮ ಹೊಳೆಯಲ್ಲಿ ಗೇಟೂ ಇಲ್ಲ, ಸೈರನ್ನೂ ಇಲ್ಲ. ಘಟ್ಟದಲ್ಲಿ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಗಿರುತ್ತದೆ. ಅಂಕೋಲೆಯಲ್ಲಿ ಬಿಸಿಲು ಇದ್ದ ದಿನವೂ ಹೊಳೆ ಏರಬಹುದು.

ಮುನ್ಸೂಚನೆ ಎಲ್ಲಿ ಸಿಗುತ್ತದೆ, ಖರ್ಚೆಷ್ಟು?

ಬಹುತೇಕ ಎಲ್ಲವೂ ಪುಕ್ಕಟೆ.

ಮೊದಲನೆಯದು ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ. ಯೆಲ್ಲೊ ಅಲರ್ಟ್ ಅಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಮಳೆ. ಆರೆಂಜ್ ಅಂದರೆ 204.4ರವರೆಗೆ. ರೆಡ್ ಅಂದರೆ ಅದಕ್ಕೂ ಮೇಲೆ. ಇಲಾಖೆಯ 'ಮೌಸಮ್' ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಬಹುದು. ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಇದೆ.

ಎರಡನೆಯದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕಗಳನ್ನು ಅದು ಹಾಕಿದೆ. ಅದರ 'ವರುಣಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಊರಿನ ಹೆಸರು ಹೇಳಿದರೆ ಕನ್ನಡದಲ್ಲೇ ಮಾಹಿತಿ ಕೊಡುತ್ತಾರೆ. ಅಂಕೋಲೆಯ ಮಳೆ ಕೇಳಿ ಫೋನ್ ಇಡಬೇಡಿ, ಯಲ್ಲಾಪುರದ್ದೂ ಕೇಳಿ.

ಮೂರನೆಯದು ತುರ್ತು ಸಂಖ್ಯೆಗಳು. ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಗೆ 1077, ಪೊಲೀಸ್-ಅಗ್ನಿಶಾಮಕ ಎಲ್ಲಕ್ಕೂ 112.

ನಾಲ್ಕನೆಯದು ನೀವೇ ಮಾಡುವ ಮಳೆಮಾಪಕ. ಬಾಯಿಯಿಂದ ತಳದವರೆಗೆ ಒಂದೇ ಅಗಲದ, ಸಪಾಟು ತಳದ ಡಬ್ಬಿ ಸಾಕು. ಮರ, ಮಾಡು ಮರೆ ಇಲ್ಲದ ಅಂಗಳದಲ್ಲಿ ಅಲುಗದಂತೆ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ಅಳೆಯಿರಿ, ಚೆಲ್ಲಿ, ಮತ್ತೆ ಇಡಿ. ಇಲಾಖೆಯೂ ಇದೇ ಹೊತ್ತಿಗೆ ಅಳೆಯುತ್ತದೆ. ಖರ್ಚು ಏನಿಲ್ಲ, ಕ್ಯಾಲೆಂಡರಿನಲ್ಲಿ ಬರೆದಿಡಲು ಒಂದು ಪೆನ್ನು ಬೇಕು. ಘಟ್ಟದ ಮೇಲೆ ನೆಂಟರಿದ್ದರೆ ಅವರಿಗೂ ಒಂದು ಡಬ್ಬಿ ಇಡಲು ಹೇಳಿ. ಅವರು ಬೆಳಿಗ್ಗೆ ಕಳಿಸುವ ಒಂದು ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಮನೆಯ ಸೈರನ್ ಆಗುತ್ತದೆ.

ಕಣ್ಣಿಗೆ ಕಾಣುವ ಸೂಚನೆಗಳೂ ಇವೆ. ನೀರಿನ ಕೆಂಪು ಇದ್ದಕ್ಕಿದ್ದಂತೆ ಗಾಢವಾದರೆ, ಹಸಿ ಮರ ಬೇರುಸಹಿತ ತೇಲಿ ಬಂದರೆ, ಜೋರು ಮಳೆಯಲ್ಲೂ ಹೊಳೆ ತಟ್ಟನೆ ಇಳಿದರೆ ದಂಡೆಯಿಂದ ದೂರ ಸರಿಯಿರಿ. ಮೇಲೆಲ್ಲೋ ಗುಡ್ಡ ಜರಿದು ನೀರು ಕಟ್ಟಿಕೊಂಡಿರಬಹುದು. ಗುಡ್ಡದ ಬುಡದಲ್ಲಿ ಮನೆಯಿದ್ದರೆ ಹೊಸ ಬಿರುಕು, ವಾಲಿದ ಮರ, ಗೋಡೆಯ ಹಿಂದೆ ಹೊಸದಾಗಿ ಒಸರುವ ಕೆಸರು ನೀರು, ಈ ಮೂರರಲ್ಲಿ ಒಂದು ಕಂಡರೂ ರಾತ್ರಿ ಅಲ್ಲಿ ಮಲಗಬೇಡಿ.

ನೋಡಲು ಹೋಗುವುದಾದರೆ

ಮಾಗೋಡಿಗೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯ ಕಾಲ. ಯಲ್ಲಾಪುರದವರೆಗೆ ಬಸ್ಸು ಬೇಕಾದಷ್ಟಿವೆ, ಮುಂದೆ ಇಪ್ಪತ್ತು ಕಿಲೋಮೀಟರಿನೊಳಗೆ, ವಾಹನ ಮಾಡಿಕೊಂಡರೆ ಅನುಕೂಲ. ಹತ್ತಿರದ ಜೇನುಕಲ್ಲು ಗುಡ್ಡ ತಪ್ಪಿಸಬೇಡಿ, ಹೊಳೆ ಕೊರೆದ ಕಣಿವೆಯ ಆಳ ಅಲ್ಲಿಂದಲೇ ಕಾಣುವುದು.

ಗೋಮುಖ ನೋಡುವ ಆಸೆ ಇದ್ದರೆ ಗಂಗೋತ್ರಿಯಿಂದ 18 ಕಿಲೋಮೀಟರ್ ನಡೆಯಬೇಕು, ರಾಷ್ಟ್ರೀಯ ಉದ್ಯಾನದ ಪರವಾನಗಿ ಬೇಕು. ದಿನಕ್ಕೆ ಬಿಡುವುದು 150 ಜನರನ್ನು ಮಾತ್ರ. ಗಂಗೋತ್ರಿ ದೇವಸ್ಥಾನ ಅಕ್ಷಯ ತೃತೀಯಕ್ಕೆ ತೆರೆದು, ದೀಪಾವಳಿಯ ಮರುದಿನ ಚಳಿಗಾಲಕ್ಕೆ ಬಾಗಿಲು ಹಾಕುತ್ತದೆ. ಅದೇ ದೀಪಾವಳಿಯ ಆಸುಪಾಸಿನಲ್ಲೇ ನಮ್ಮ ಗಂಗಾವಳಿಯ ಗಂಗೆಗೂ ಗೋಕರ್ಣದ ಮಹಾಬಲೇಶ್ವರನಿಗೂ ಮದುವೆ ಮಾಡುತ್ತಾರೆ. ಅಲ್ಲಿ ಹಿಮ ಬೀಳಲು ಶುರು, ಇಲ್ಲಿ ಮಳೆ ನಿಂತು ಹೊಳೆ ತಿಳಿಯಾಗುವ ಕಾಲ.

ಕೊನೆಗೆ ಒಂದು ಮಾತು. ಜುಲೈ ಹದಿನೈದು ದಾಟಿದ ಮೇಲೆ ಆಗಸ್ಟ್ ನಡುವಿನವರೆಗೆ, ಬೆಳಿಗ್ಗೆ ಎದ್ದು ಅಂಕೋಲೆಯ ಆಕಾಶ ನೋಡುವ ಮುಂಚೆ ಯಲ್ಲಾಪುರದ ಮಳೆ ಎಷ್ಟೆಂದು ಕೇಳಿಕೊಳ್ಳಿ. ಮೇ ತಿಂಗಳಲ್ಲಿ ನಲ್ಲಿಯಲ್ಲಿ ನೀರು ಬಾರದಿದ್ದಾಗಲೂ ಒಮ್ಮೆ ಘಟ್ಟದ ಕಡೆ ನೋಡಿ. ನಮ್ಮ ಕೊಡ ತುಂಬುವುದೂ ಬರಿದಾಗುವುದೂ ಅಲ್ಲೇ.